ಮುಂಬಯಿಯಿಂದ ಗೋವೆಗೆ, ಕಡಲಂಚಿನ ದಾರಿಯಲ್ಲಿ: ಇಬ್ಬರ ಪಯಣಕ್ಕೊಂದು ಕೈಪಿಡಿ

ಮುಂಬಯಿಯ ಕನ್ನಡಿಗರಿಗೆ ಕೊಂಕಣದ ಹೆದ್ದಾರಿ ಹೊಸದಲ್ಲ. ಬೇಸಿಗೆ ರಜೆಗೋ ಊರಿನ ಮದುವೆಗೋ ಸಂಜೆ ಹೊರಟವರು ರಾತ್ರಿಯಿಡೀ ಮಹಾಡ, ಚಿಪಳೂಣ, ಕಣಕವಲಿಗಳನ್ನು ದಾಟಿ ಬೆಳಕು ಹರಿಯುವಾಗ ಗೋವೆಯ ಗಡಿ ಸೇರಿರುತ್ತಾರೆ. ಆದರೆ 66ನೆಯ ರಾಷ್ಟ್ರೀಯ ಹೆದ್ದಾರಿ ಮಹಾರಾಷ್ಟ್ರದಲ್ಲಿ ಬಹುಪಾಲು ಒಳನಾಡಿನಲ್ಲೇ ಸಾಗುವುದರಿಂದ, ಪ್ರತಿವರ್ಷ ಆ ದಾರಿ ತುಳಿಯುವವರಲ್ಲೂ ಅನೇಕರು ಕೊಂಕಣದ ಕಡಲನ್ನು ಕಂಡಿರುವುದಿಲ್ಲ. ಅದಕ್ಕೂ ಪಡುವಣದಲ್ಲಿ, ರೇವಸದಿಂದ ರೇಡಿಯವರೆಗೆ, ಕರಾವಳಿಯ ಅಂಚು ಹಿಡಿದು ಸಾಗುವ ರಾಜ್ಯ ಹೆದ್ದಾರಿಯೊಂದಿದೆ. ಗಂಡ-ಹೆಂಡತಿ ಇಬ್ಬರೇ ಒಂದು ಸಣ್ಣ ಕಾರಿನಲ್ಲಿ, ದಿನಕ್ಕೊಂದು ಊರಿನ ಮೀನೂಟ ಸವಿಯುತ್ತ ಸಾಗಲು ಇದಕ್ಕಿಂತ ಒಳ್ಳೆಯ ದಾರಿ ಮುಂಬಯಿಯ ಆಸುಪಾಸಿನಲ್ಲಿಲ್ಲ. ಆದರೆ ಇಲ್ಲಿ ಕಿಲೋಮೀಟರಿನ ಲೆಕ್ಕ ಹಾಕಿ ಹೊರಟವರು ಬೇಸರಪಡುತ್ತಾರೆ. ಎಣಿಸಬೇಕಾದುದು ಖಾಡಿಗಳನ್ನು, ಅಂದರೆ ಕಡಲು ಒಳಚಾಚಿದ ಅಳಿವೆಗಳನ್ನು; ನೋಡಿಕೊಳ್ಳಬೇಕಾದುದು ಉಬ್ಬರ-ಇಳಿತವನ್ನು.

ಮೊದಲು ತಿಂಗಳು ಗೊತ್ತುಮಾಡಿ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ತಟ್ಟೆಗೆ ಬರುವ ಅಂಜಲ್ ಬಹುತೇಕ ಶೀತಲಗೃಹದಿಂದ ಬಂದದ್ದೇ. ನಾರಳಿ ಪೌರ್ಣಮಿಯಂದು ಕೋಳಿ ಎಂಬ ಮೀನುಗಾರ ಸಮುದಾಯದವರು ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆ ದೋಣಿಗಳು ಮತ್ತೆ ಇಳಿಯುತ್ತವೆಯಾದರೂ ಶ್ರಾವಣದಲ್ಲಿ ಅನೇಕ ಮರಾಠಿ ಮನೆಗಳಲ್ಲಿ ಮೀನು ಬೇಯುವುದಿಲ್ಲ. ಆದ್ದರಿಂದ ಅಕ್ಟೋಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗಿನ ಅವಧಿಯೇ ಸೂಕ್ತ. ಹಾಪುಸ್ ಮಾವಿನ ಆಸೆಯಿದ್ದರೆ ಏಪ್ರಿಲ್ ಕೊನೆಗೆ ಹೋಗಬಹುದು, ಸೆಕೆಯನ್ನು ಸಹಿಸಿಕೊಳ್ಳಬೇಕು.

ವಾರದ ದಿನಗಳನ್ನೂ ಗಮನಿಸಬೇಕೆಂಬುದು ಹೊರಗಿನವರಿಗೆ ಹೊಳೆಯುವುದಿಲ್ಲ. ಸೋಮವಾರ, ಗುರುವಾರ ಮತ್ತು ಸಂಕಷ್ಟಿಯಂದು ಮೀನು ಮುಟ್ಟದ ಮನೆಗಳು ಕೊಂಕಣದಲ್ಲಿ ಸಾಕಷ್ಟಿವೆ. ನೀವು ತಂಗುವುದು ಇಂಥವರ ಮನೆಯಲ್ಲೇ ಆದರೆ ಆ ದಿನ ನಿಮಗೂ ವರಣ (ತೊವ್ವೆ)-ಅನ್ನವೇ. ಶುಕ್ರವಾರ ಹೊರಟು ಮುಂದಿನ ಬುಧವಾರ ಗೋವೆ ಸೇರುವಂತೆ ಯೋಜಿಸಿದರೆ ನಡುವೆ ಬರುವುದು ಒಂದೇ ಸೋಮವಾರ. ಅದನ್ನು ಗುಹಾಗರ-ಗಣಪತಿಪುಳೆಯ ಕಡೆಗೆ ಹೊಂದಿಸುವುದು ಜಾಣತನ, ಏಕೆಂದರೆ ಅಲ್ಲಿನ ವಿಶೇಷವೇ ಸಸ್ಯಾಹಾರ.

ಖಾಡಿಗಳನ್ನು ದಾಟುವ ಬಗೆ

ಮುಂಬಯಿಯಿಂದ ಹೊರಬೀಳಲು ಪನವೇಲಿನ ವಾಹನದಟ್ಟಣೆಯಲ್ಲಿ ಸಿಲುಕಬೇಕಾಗಿಲ್ಲ. ಭಾವುಚಾ ಧಕ್ಕಾದಿಂದ ಮಾಂಡವಾಕ್ಕೆ ಕಾರುಗಳನ್ನೂ ಒಯ್ಯುವ ರೋ-ರೋ ಹಡಗು 2020ರಿಂದ ಓಡುತ್ತಿದ್ದು, ಸುಮಾರು ಒಂದು ಗಂಟೆಯಲ್ಲಿ ಆಚೆ ದಡ ಮುಟ್ಟಿಸುತ್ತದೆ. ವಾರಾಂತ್ಯದಲ್ಲಿ ಕಾರಿನ ಸ್ಥಳ ಬೇಗ ತುಂಬುವುದರಿಂದ ಮುಂಗಡ ಕಾದಿರಿಸಬೇಕು. ಮಾಂಡವಾದಿಂದ ಅಲಿಬಾಗ್ ಸುಮಾರು ಇಪ್ಪತ್ತು ಕಿಲೋಮೀಟರ್.

ಮುಂದಿನ ದಾರಿಯಲ್ಲಿ, ಗೋವೆಯ ಗಡಿಗೆ ಮುನ್ನ, ನಾಲ್ಕು ಕಡೆ ಕಾರನ್ನು ಫೆರಿಗೆ ಹತ್ತಿಸಬೇಕು. ಮುರುಡ್ ಬಳಿಯ ಆಗರದಾಂಡಾದಿಂದ ದಿಘಿಗೆ ಮೊದಲನೆಯದು. ಹರಿಹರೇಶ್ವರ ದಾಟಿ ಬಾಗಮಾಂಡಲಾದಿಂದ ವೇಸವಿಗೆ ಸಾವಿತ್ರಿ ನದಿಯ ಅಳಿವೆಯಲ್ಲಿ ಎರಡನೆಯದು. ದಾಭೋಳದಿಂದ ಧೋಪಾವೆಗೆ ವಾಶಿಷ್ಠಿಯ ಮೇಲೆ ಮೂರನೆಯದು. ತವಸಾಳದಿಂದ ಜಯಗಡಕ್ಕೆ ಶಾಸ್ತ್ರಿ ನದಿಯ ಮೇಲೆ ನಾಲ್ಕನೆಯದು. ಇವುಗಳಲ್ಲಿ ಒಂದು ತಪ್ಪಿದರೂ ಒಳನಾಡಿನ ಸೇತುವೆ ಹುಡುಕಿಕೊಂಡು ಗಂಟೆಗಟ್ಟಲೆ ಸುತ್ತಬೇಕಾಗುತ್ತದೆ. ದಾಭೋಳದಲ್ಲಿ ತಪ್ಪಿಸಿಕೊಂಡವರಿಗೆ ಚಿಪಳೂಣದವರೆಗಿನ ಸುತ್ತೇ ಗತಿ. ಆದ್ದರಿಂದ ತಂಗುವ ಮನೆಯವರನ್ನು ಹಿಂದಿನ ರಾತ್ರಿಯೇ ಕೇಳಿ, ಮರುದಿನದ ಫೆರಿಗಳ ಹೊತ್ತನ್ನು ಬರೆದಿಟ್ಟುಕೊಳ್ಳಿ. ಕೆಲವೆಡೆ ಕಾರನ್ನು ಹಿಮ್ಮುಖವಾಗಿ ಹತ್ತಿಸುವಂತೆ ಹೇಳುತ್ತಾರೆ. ಇಬ್ಬರಲ್ಲಿ ಈ ಕೆಲಸದಲ್ಲಿ ಹೆಚ್ಚು ನುರಿತವರು ಆಗ ಚಕ್ರ ಹಿಡಿಯಲಿ, ಇನ್ನೊಬ್ಬರು ಇಳಿದು ನಿಂತು ದಾರಿ ತೋರಲಿ. ದಾಂಪತ್ಯದ ನೆಮ್ಮದಿಗೂ ಅದು ಒಳ್ಳೆಯದು.

ಇಳಿತದ ವೇಳೆ ದಿನಕ್ಕೆ ಎರಡು ಬಾರಿ ಬರುತ್ತದೆ ಮತ್ತು ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಅಲಿಬಾಗಿನ ಕುಲಾಬಾ ಕೋಟೆಗೆ ನಡೆದು ಹೋಗಲು ಸಾಧ್ಯವಾಗುವುದು ಇಳಿತದಲ್ಲಿ ಮಾತ್ರ. ಹರಿಹರೇಶ್ವರದ ಬಂಡೆಗಳ ನಡುವಿನ ಪ್ರದಕ್ಷಿಣೆಯ ದಾರಿಯೂ ಹಾಗೆಯೇ. ಉಬ್ಬರದಲ್ಲಿ ಅಲ್ಲಿ ಇಳಿಯುವುದು ಪ್ರಾಣಾಪಾಯಕರ. ಮರಳಿನ ಮೇಲೆ ಕಾರು ಓಡಿಸುವ ಹುಮ್ಮಸ್ಸನ್ನಂತೂ ಬಿಟ್ಟುಬಿಡಿ. ಚಕ್ರ ಹೂತ ಕಾರಿಗಾಗಿ ಕಡಲು ಕಾಯುವುದಿಲ್ಲ.

ಎಲ್ಲಿ ಯಾವ ಮೀನು

ಪ್ರತಿ ಊರಿನಲ್ಲೂ ಪಾಪ್ಲೆಟ್ ಥಾಲಿಯನ್ನೇ ಕೇಳುವುದು ನಮ್ಮವರ ಅಭ್ಯಾಸ. ನನ್ನ ದೃಷ್ಟಿಯಲ್ಲಿ ಅದು ಹಣಕ್ಕೂ ದಾರಿಗೂ ಮಾಡುವ ಅನ್ಯಾಯ. ದಕ್ಷಿಣಕ್ಕೆ ಸಾಗಿದಂತೆ ಬಲೆಯ ಮೀನೂ ಮಸಾಲೆಯೂ ಬದಲಾಗುತ್ತವೆ. ಊಟವೂ ಅದರೊಂದಿಗೆ ಬದಲಾಗಬೇಕು. ಫಲಕಗಳೆಲ್ಲ ಮರಾಠಿಯಲ್ಲಿರುವುದರಿಂದ ಇಷ್ಟು ನೆನಪಿದ್ದರೆ ಸಾಕು: ಸುರಮಯಿ ನಮ್ಮ ಅಂಜಲ್, ಪಾಪ್ಲೆಟ್ ಮಾಂಜಿ, ಬಾಂಗಡಾ ಬಂಗುಡೆ, ಮುಡದುಶಿ ಕಾಣೆ, ಕೋಳಂಬಿ ಸಿಗಡಿ, ತಿಸ್ರ್ಯಾ ಮರುವಾಯಿ.

ಅಲಿಬಾಗಿನಿಂದ ಶ್ರೀವರ್ಧನದವರೆಗಿನ ಪಟ್ಟಿಯಲ್ಲಿ ಬೊಂಬಿಲ್ (ಬಾಂಬೆ ಡಕ್ ಮೀನು) ತಿನ್ನಬೇಕು, ಏಕೆಂದರೆ ಇದು ಹೆಚ್ಚಾಗಿ ಸಿಗುವುದು ಗುಜರಾತ್ ಮತ್ತು ಉತ್ತರ ಮಹಾರಾಷ್ಟ್ರದ ಕಡಲಿನಲ್ಲಿ. ಹಸಿ ಬೊಂಬಿಲಿನಲ್ಲಿ ನೀರಿನಂಶವೇ ಜಾಸ್ತಿ. ತಿಳಿದ ಗೃಹಿಣಿ ಅದನ್ನು ಸೀಳಿ ನಡುಮುಳ್ಳು ತೆಗೆದು, ಬಟ್ಟೆಯ ನಡುವೆ ಹಾಸಿ, ಮೇಲೆ ಅರೆಯುವ ಕಲ್ಲು ಹೇರಿ ನೀರು ಹಿಂಡಿಸಿದ ಬಳಿಕವೇ ಅಕ್ಕಿಹಿಟ್ಟು-ರವೆಯಲ್ಲಿ ಹೊರಳಿಸಿ ಕಾವಲಿಗೆ ಇಡುತ್ತಾಳೆ. ಹಾಗೆ ಮಾಡಿದ ತುಂಡು ತುದಿಯಲ್ಲಿ ಹಿಡಿದೆತ್ತಿದರೂ ಬಾಗುವುದಿಲ್ಲ. ಬಾಗಿ ಜೋತು ಬಿದ್ದರೆ ಆತುರದ ಅಡುಗೆ ಎಂದು ತಿಳಿಯಿರಿ. ರಾಯಗಡದ ಕಡೆಯ ಇನ್ನೊಂದು ವಿಶೇಷ ಜಿತಾಡಾ ಮೀನು, ಸಿಕ್ಕಿದರೆ ಬಿಡಬೇಡಿ.

ಎರಡನೆಯ ದಿನ ದಿವೇಆಗರದಿಂದ ಶ್ರೀವರ್ಧನಕ್ಕೆ ಶೇಖಾಡಿಯ ಮೂಲಕ ಹೋಗುವ ದಾರಿಯನ್ನೇ ಹಿಡಿಯಿರಿ. ಬಲಗಡೆ ಕಡಲು, ಎಡಗಡೆ ಗುಡ್ಡ, ನಡುವೆ ಕಾರಿಗಷ್ಟೇ ಜಾಗವೆಂಬಂತೆ ತೋರುವ ರಸ್ತೆ.

ಹರ್ಣೈಯ ಹರಾಜು

ದಾಪೋಲಿ ತಾಲೂಕಿನ ಹರ್ಣೈಗೆ ಹರಾಜಿನ ಹೊತ್ತಿಗೇ ತಲುಪಬೇಕು. ಸುವರ್ಣದುರ್ಗದ ಎದುರಿನ ದಂಡೆಯಲ್ಲಿ ದೋಣಿಗಳು ಆಳದ ನೀರಿನಲ್ಲೇ ನಿಲ್ಲುತ್ತವೆ. ಬುಟ್ಟಿಗಳನ್ನು ದಡಕ್ಕೆ ತರಲು ಎತ್ತಿನಗಾಡಿಗಳು ಎದೆಮಟ್ಟದ ಅಲೆಗಳಿಗಿಳಿಯುವುದನ್ನು ಇಲ್ಲಿ ಕಾಣಬಹುದು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹರಾಜು ನಡೆಯುತ್ತದೆ; ರಾಶಿಗಳು ದೊಡ್ಡವು, ಕೊಳ್ಳುವವರು ವ್ಯಾಪಾರಿಗಳು. ನಿಮ್ಮಿಬ್ಬರಿಗೆ ಬೇಕಾದಷ್ಟನ್ನು ಬದಿಯಲ್ಲಿ ಕುಳಿತ ಹೆಂಗಸರಿಂದ ಕೊಳ್ಳಬೇಕು. ಅವರನ್ನು "ಮಾವಶಿ" (ಚಿಕ್ಕಮ್ಮ) ಎಂದು ಕರೆದು "ಆಜ್ ತಾಜಂ ಕಾಯ್ ಆಹೇ?" (ಇವತ್ತು ತಾಜಾ ಏನಿದೆ?) ಎಂದು ಕೇಳಿದರೆ ಮಾತು ಸಲೀಸಾಗಿ ಶುರುವಾಗುತ್ತದೆ. ದರ ಚೌಕಾಶಿ ಮಾಡಬಹುದು, ಆದರೆ ಮೀನನ್ನು ಅವರ ಅನುಮತಿಯಿಲ್ಲದೆ ಕೈಯಲ್ಲಿ ಹೊರಳಿಸಬಾರದು.

ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಬೆರಳಿನಿಂದ ಒತ್ತಿದ ಗುಳಿ ಕೂಡಲೇ ಮೇಲೇಳಬೇಕು. ಮರುವಾಯಿಯ ಚಿಪ್ಪು ಮುಚ್ಚಿರಬೇಕು. ಬಾಯಿ ತೆರೆದದ್ದನ್ನು ತಟ್ಟಿದಾಗ ಮುಚ್ಚದಿದ್ದರೆ ಅದು ಸತ್ತದ್ದು, ಬಿಸಾಡಿ. ಏಡಿಯನ್ನು ಗಾತ್ರ ನೋಡಿ ಕೊಳ್ಳದೆ ಕೈಯಲ್ಲಿ ತೂಗಿ ನೋಡಿ, ಅಳತೆಗೆ ಮೀರಿ ಭಾರವಿರುವುದನ್ನು ಆರಿಸಿ. ಕೊಂಡ ಮೀನನ್ನು ಹತ್ತಿರದ ಖಾನಾವಳಿಯಲ್ಲಿ ಕೊಟ್ಟರೆ ಕೂಲಿ ಪಡೆದು ಬೇಯಿಸಿಕೊಡುತ್ತಾರೆ. ಕೂಲಿ ಎಷ್ಟೆಂದು ಮೊದಲೇ ಮಾತಾಡಿಕೊಳ್ಳಿ.

ಇದೇ ಎಚ್ಚರಿಕೆ "ಘರಗುತಿ ಜೇವಣ" (ಮನೆಯೂಟ) ಎಂಬ ಫಲಕವಿರುವ ಮನೆಗಳಿಗೂ ಅನ್ವಯಿಸುತ್ತದೆ. ಅಲ್ಲಿ ಅಡುಗೆಯಾಗುವುದು ಹೇಳಿದವರಿಗೆ ಮಾತ್ರ. ರಾತ್ರಿಯೂಟಕ್ಕೆ ಮಧ್ಯಾಹ್ನದೊಳಗೆ ಫೋನ್ ಮಾಡಿ, ಇಬ್ಬರಲ್ಲಿ ಒಬ್ಬರು ಮೀನು ತಿನ್ನದವರಾದರೆ ಅದನ್ನೂ ತಿಳಿಸಿ. ನೆಟ್‌ವರ್ಕ್ ಇಲ್ಲದ ಊರುಗಳಲ್ಲಿ ಯುಪಿಐ ನಂಬಿ ಕೂರಲಾಗದು, ನಗದು ಇರಲಿ.

ನಡುವಣ ಹಾದಿ

ಗುಹಾಗರ ಮತ್ತು ಗಣಪತಿಪುಳೆಗಳಲ್ಲಿ ಬಾಳೆಲೆಯ ಊಟ, ಉಕಡಿಚೆ (ಹಬೆಯಲ್ಲಿ ಬೇಯಿಸಿದ) ಮೋದಕಗಳಿಗೆ ಒಂದು ಹೊತ್ತು ಮೀಸಲಿಡಿ. ಗಣಪತಿಪುಳೆಯ ಕಡಲು ನೋಡಲು ಸೌಮ್ಯವಾಗಿದ್ದರೂ ಸೆಳೆತ ಬಲವಾದದ್ದು. ಮೊಣಕಾಲಿನ ಮೇಲೆ ನೀರಿಗಿಳಿಯಬೇಡಿ. ರತ್ನಾಗಿರಿಗೆ ಆರೆ-ವಾರೆ ರಸ್ತೆಯಲ್ಲೇ ಹೋಗಿ. ಬ್ರಿಟಿಷರು 1885ರಲ್ಲಿ ಗಡೀಪಾರು ಮಾಡಿದ ಬರ್ಮಾದ ಕೊನೆಯ ದೊರೆ ಥೀಬಾ 1916ರಲ್ಲಿ ತೀರಿಕೊಳ್ಳುವವರೆಗೂ ಇದ್ದದ್ದು ಈ ಊರಿನಲ್ಲಿ, ಅವನ ಅರಮನೆ ನೋಡಲು ಒಂದು ಗಂಟೆ ಸಾಕು. ಇಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಿ. ಮುಂದೆ ವಿಜಯದುರ್ಗ, ದೇವಗಡದ ಕಡೆ ಪಂಪುಗಳು ವಿರಳ.

ಮಾಲವಣದಲ್ಲಿ ಎರಡು ರಾತ್ರಿ

ಬೇರೆಲ್ಲೂ ಆಗದಿದ್ದರೂ ಮಾಲವಣದಲ್ಲಿ ಎರಡು ರಾತ್ರಿ ಉಳಿಯಬೇಕು. ಶಿವಾಜಿ 1664ರಲ್ಲಿ ಕಟ್ಟಿಸಲು ತೊಡಗಿದ ಸಿಂಧುದುರ್ಗಕ್ಕೆ ಬೆಳಗಿನ ದೋಣಿಯಲ್ಲಿ ಹೋಗಿಬಂದರೆ ಮಧ್ಯಾಹ್ನದ ಊಟಕ್ಕೆ ಹಸಿವು ಸಿದ್ಧವಾಗಿರುತ್ತದೆ. ಇಲ್ಲಿ ಕೇಳಬೇಕಾದುದು ತಿರಫಳ ಹಾಕಿದ ಬಂಗುಡೆಯ ಸಾರು. ಉತ್ತರ ಕನ್ನಡದವರು ಜುಮ್ಮನಕಾಯಿ ಎನ್ನುವ ಈ ಕಾಯಿಯನ್ನು ಅರೆಯದೆ, ಬೀಜ ತೆಗೆದು ಸ್ವಲ್ಪವೇ ಜಜ್ಜಿ ಹಾಕುತ್ತಾರೆ. ನಾಲಗೆ ಜುಮ್ಮೆನ್ನುತ್ತಿರುವಾಗಲೇ ಪುನರ್ಪುಳಿ-ತೆಂಗಿನ ಹಾಲಿನ ಸೋಲ್‌ಕಢಿಯ ಲೋಟ ಎತ್ತಬೇಕು. ಸೋಲ್‌ಕಢಿ ತೆಳು ಗುಲಾಬಿಯಾಗಿದ್ದು ತೆಂಗಿನ ಹಾಲಿನ ವಾಸನೆ ಬರುತ್ತಿದ್ದರೆ ಒಳ್ಳೆಯದು. ಕಣ್ಣು ಕುಕ್ಕುವ ಬಣ್ಣವಿದ್ದರೆ ಬಾಟಲಿಯ ಸಿರಪ್ಪು. ಬೆಳಗಿನ ಜಾವ ತಾರಕರ್ಲಿ-ದೇವಬಾಗದ ದಂಡೆಗೆ ಹೋದರೆ, ನಮ್ಮ ಕೈರಂಪಣಿಯಂಥದ್ದೇ ಆದ ರಾಪಣ ಬಲೆಯನ್ನು ಇಪ್ಪತ್ತು-ಮೂವತ್ತು ಜನ ಎರಡು ಸಾಲಾಗಿ ದಡಕ್ಕೆ ಎಳೆಯುವುದು ಕಾಣಸಿಗಬಹುದು.

ಗೋವೆಯೊಳಕ್ಕೆ

ವೆಂಗುರ್ಲಾ, 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಶಿರೋಡಾ ಮತ್ತು ರೇಡಿಗಳನ್ನು ದಾಟಿದರೆ ತೇರೆಖೋಲ್ ನದಿ. ಅಲ್ಲಿಂದ ಆಚೆ ದಡದ ಕೇರಿ ಎಂಬ ಊರಿಗೆ ಗೋವೆಯ ಫೆರಿ ಇದೆ. ಅದು ನಿಂತಿದ್ದರೆ ಆರೋಂದಾ-ಕಿರಣಪಾಣಿ ಸೇತುವೆಯಿಂದ ಹೋಗಬಹುದು. ಗೋವೆಯ ಮೀನೂಟದ ಹೊತ್ತು ಮಧ್ಯಾಹ್ನ. ಮೂರರ ಬಳಿಕ ಅನೇಕ ಅಡುಗೆಮನೆಗಳು ಮುಚ್ಚಿ ಸಂಜೆ ಏಳಕ್ಕೆ ತೆರೆಯುವುದರಿಂದ, ಮಾಲವಣವನ್ನು ಬೆಳಗ್ಗೆ ಬೇಗ ಬಿಟ್ಟು ಮಧ್ಯಾಹ್ನ ಒಂದರೊಳಗೆ ಮಾಪುಸಾ ಅಥವಾ ಪಣಜಿ ಸೇರುವಂತೆ ನೋಡಿಕೊಳ್ಳಿ. ಥಾಲಿಯ ಮೂಲೆಯಲ್ಲಿ ಒಣ ಸಿಗಡಿ, ತೆಂಗಿನತುರಿ, ಈರುಳ್ಳಿ ಕಲಸಿದ ಕಿಸ್ಮೂರ್ ಇದ್ದರೆ ಆ ಅಡುಗೆಮನೆಯನ್ನು ನಂಬಬಹುದು. ಜೊತೆಗೆ ರೆಶಾದ್ ಮಸಾಲೆ ತುಂಬಿದ ಬಂಗುಡೆ ಕೇಳಿ.

ಇಲ್ಲಿಂದ ಕರಾವಳಿಯ ಊರುಗಳಿಗೆ ಹೋಗುವವರು ಮಡಗಾಂವ್, ಕಾಣಕೋಣದ ಮೂಲಕ ಕಾರವಾರಕ್ಕೆ ಮುಂದುವರಿಯಬಹುದು. ಮುಂಬಯಿಗೆ ಮರಳುವವರು ಹೆದ್ದಾರಿಯನ್ನೇ ಹಿಡಿಯಲಿ. ಗಡಿಯ ಠಾಣೆಗಳಲ್ಲಿ ಮದ್ಯದ ತಪಾಸಣೆ ನಡೆಯುತ್ತದೆ. ಒಯ್ಯುವುದಾದರೆ ಪರವಾನಗಿ ಮಾಡಿಸಿಕೊಳ್ಳಬೇಕು. ಒಣಮೀನು ಕೊಂಡರೆ ಕಾಗದದಲ್ಲಿ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ ಡಿಕ್ಕಿಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಕಾರಿನ ಸೀಟಿನಿಂದ ಆ ವಾಸನೆ ಮುಂದಿನ ಮಳೆಗಾಲದವರೆಗೂ ಬಿಡುವುದಿಲ್ಲ.