ಕುಗ್ಗದೆ ಉಳಿಯುವುದು ಟೇಪಿನ ಹಿಸ್

ಶಿರಸಿ, ಸಿದ್ದಾಪುರ ಸೀಮೆಯ ಮನೆಗಳ ಅಟ್ಟದಲ್ಲಿ ಉಳಿದಿರುವ ತಾಳಮದ್ದಳೆ, ಯಕ್ಷಗಾನದ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಊರು ಬಿಟ್ಟವರಿಗೆ ಇಂಟರ್ನೆಟ್ಟಿನಲ್ಲಿ ಕಳುಹಿಸಿಕೊಡುವುದು ನನ್ನ ಕೆಲಸ. ಸಿ.ಡಿ. ಗುಣಮಟ್ಟದ ವೇವ್ ಕಡತ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ. ಎಂಟು ತಾಸಿನ ಆಟವೆಂದರೆ 5 ಜಿಬಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಇರುವ ಹೊತ್ತು ನೋಡಿ ಅಷ್ಟನ್ನು ಏರಿಸಬೇಕು.

‘ಜಿಪ್ ಮಾಡಿ ಕಳುಹಿಸಿ’ ಎನ್ನುವವರೇ ಹೆಚ್ಚು. ಜಿಪ್ ಹುಡುಕುವುದು ಮರುಕಳಿಸುವ ಬೈಟುಗಳನ್ನು. ಕನ್ನಡ ಪಠ್ಯಕ್ಕೆ ಅದು ಹೇಳಿ ಮಾಡಿಸಿದಂತಿದೆ: ಅಕ್ಷರಗಳನ್ನು ಅಂಕಿಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಪ್ರತಿ ಅಕ್ಷರಸಂಕೇತಕ್ಕೂ ಮೂರು ಬೈಟು, ಮೊದಲನೆಯದು ಯಾವಾಗಲೂ 224, ಎರಡನೆಯದು 178 ಇಲ್ಲವೇ 179. ಹೊಸ ಸುದ್ದಿ ಹೇಳುವುದು ಹೆಚ್ಚುಕಡಿಮೆ ಮೂರನೆಯದೊಂದೇ. ಧ್ವನಿಯ ಅಲೆಯಲ್ಲಿ ಒಂದೇ ಬೈಟುಸಾಲು ಮತ್ತೆ ಸಿಗುವುದು ಅಪರೂಪ. ಎಂಪಿ3, ಜೆಪೆಗ್ ಕಡತಗಳನ್ನಂತೂ ಮೊದಲೇ ಹಿಂಡಿಯಾಗಿರುತ್ತದೆ.

ಕಡತದ ಯಾದೃಚ್ಛಿಕತೆ, ಅಂದರೆ ಅದರಲ್ಲಿ ಕ್ರಮವಿಲ್ಲದಿರುವಿಕೆ ಎಷ್ಟೆಂದು ಅಳೆಯಲು ‘ಎಂಟ್’ ಎಂಬ ಪುಟ್ಟ ತಂತ್ರಾಂಶ ಬಳಸುತ್ತೇನೆ. ಕ್ಲಾಡ್ ಶಾನನ್ 1948ರಲ್ಲಿ ಮಂಡಿಸಿದ ಎಂಟ್ರೊಪಿಯ ಲೆಕ್ಕದಂತೆ ಬೈಟಿಗೆ ಎಷ್ಟು ಬಿಟ್ ಮಾಹಿತಿಯಿದೆಯೆಂದು ಅದು ಹೇಳುತ್ತದೆ; ಒಂದು ಬೈಟೆಂದರೆ ಎಂಟು ಬಿಟ್, ಹಾಗಾಗಿ 8 ಗರಿಷ್ಠ. ಈ ಅಂಕಿಯನ್ನು ಕಣ್ಣು ಮುಚ್ಚಿ ನಂಬಬಾರದು. ಯಾವ ಬೈಟು ಎಷ್ಟು ಸಲ ಬಂತೆಂಬುದಷ್ಟೇ ಅದಕ್ಕೆ ಗೊತ್ತು, ಯಾವುದರ ಹಿಂದೆ ಯಾವುದು ಬಂತೆಂಬುದಲ್ಲ. 0ಯಿಂದ 255ರವರೆಗಿನ ಬೈಟುಗಳನ್ನು ಮಗ್ಗಿಯಂತೆ ಮತ್ತೆ ಮತ್ತೆ ಬರೆದಿಟ್ಟರೂ ಪೂರ್ತಿ 8 ಕೊಟ್ಟುಬಿಡುತ್ತದೆ!

ಆ ಹಿಂದುಮುಂದಿನ ನಂಟನ್ನೇ ಧ್ವನಿ ಕುಗ್ಗಿಸುವ ಫ್ಲಾಕ್ ಎಂಬ ವಿಧಾನ ಹಿಡಿಯುವುದು. ಧ್ವನಿಯ ಅಲೆಯನ್ನು ಕ್ಷಣಕ್ಷಣಕ್ಕೂ ಅಳೆದಿಟ್ಟ ಅಂಕಿಗಳಲ್ಲಿ (ಮಾದರಿಗಳಲ್ಲಿ) ಹಿಂದಿನವುಗಳಿಂದ ಮುಂದಿನದನ್ನು ಊಹಿಸಿ, ಊಹೆ ತಪ್ಪಿದಷ್ಟನ್ನು ಮಾತ್ರ ಬರೆದಿಡುತ್ತದೆ. ಕಡತ ಅರ್ಧದ ಆಸುಪಾಸಿಗೆ ಇಳಿಯುತ್ತದೆ, ಒಂದು ಬಿಟ್ಟೂ ನಷ್ಟವಾಗುವುದಿಲ್ಲ. ಊಹೆಗೆ ಸಿಗದೆ ಉಳಿಯುವುದು ಮುಖ್ಯವಾಗಿ ಟೇಪಿನ ಹಿಸ್, ಅಂದರೆ ಹಿನ್ನೆಲೆಯ ‘ಸ್‌ಸ್’ ಎಂಬ ಸದ್ದು. ಅರ್ಥಧಾರಿ ಮಾತು ನಿಲ್ಲಿಸಿ ಉಸಿರೆಳೆದುಕೊಳ್ಳುವಾಗಲೂ ಅದು ಜಾಗ ತಿನ್ನುತ್ತಲೇ ಇರುತ್ತದೆ. ಹಾಗಾಗಿ ಪ್ರತಿ ಮಾದರಿಗೆ ಸಿ.ಡಿ.ಯ 16 ಬಿಟ್ ಬದಲು 24 ಬಿಟ್‌ನಲ್ಲಿ ಇಳಿಸುವ ಶೋಕಿ ನನಗಿಲ್ಲ. ಕ್ಯಾಸೆಟ್ಟಿನ ಹಿಸ್ 16 ಬಿಟ್ ಹಿಡಿಯಬಲ್ಲ ಅತಿ ಸಣ್ಣ ಸದ್ದಿಗಿಂತ ಎಷ್ಟೋ ಮೇಲಿರುತ್ತದೆ. ಹೆಚ್ಚುವರಿ 8 ಬಿಟ್‌ಗಳಲ್ಲಿ ತುಂಬುವುದು ಬರೀ ಗದ್ದಲ, ಅದನ್ನು ಯಾವ ತಂತ್ರಾಂಶವೂ ಹಿಂಡಲಾರದು. ಹಿಸ್ ತೆಗೆದರೆ ಕಡತ ಇನ್ನೂ ಸಣ್ಣದಾಗುತ್ತದೆ, ನಿಜ. ಆದರೆ ಭಾಗವತರ ತಾಳದ ಮೊನಚೂ ಅದರೊಂದಿಗೆ ಹೋಗುತ್ತದೆ. ಮೂಲಪ್ರತಿಯಲ್ಲಿ ಅದಕ್ಕೆ ಕೈ ಹಾಕುವುದಿಲ್ಲ.

ಮನೆಯವರು ಪಾಸ್‌ವರ್ಡ್ ಬೇಕೆಂದರೆ ಮೊದಲು ಕುಗ್ಗಿಸಿ ಆಮೇಲೆ ಬೀಗ ಹಾಕುತ್ತೇನೆ. ಗೂಢಲಿಪೀಕರಣವಾದ ಕಡತ ಯಾದೃಚ್ಛಿಕ ಬೈಟುಗಳಂತೆಯೇ ಕಾಣುವುದರಿಂದ ಆಮೇಲೆ ಕುಗ್ಗಿಸಲು ಏನೂ ಉಳಿದಿರುವುದಿಲ್ಲ.

ಕಡತ ತಲುಪಿದ ಮೇಲೆ ಅದರ ಎಸ್‌ಎಚ್‌ಎ-256 ಮೊತ್ತವನ್ನು (ಇಡೀ ಕಡತದಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ 64 ಅಕ್ಷರಗಳ ಗುರುತನ್ನು) ಫೋನಿನಲ್ಲಿ ಓದಿಸಿಕೊಳ್ಳುತ್ತೇನೆ. ದಾರಿಯಲ್ಲಿ ಒಂದೇ ಬಿಟ್ ಕೆಟ್ಟಿದ್ದರೂ ಆ ಮೊತ್ತ ಗುರುತು ಸಿಗದಷ್ಟು ಬದಲಾಗಿರುತ್ತದೆ. 64 ಅಕ್ಷರಗಳನ್ನೂ ಓದಿಸುವ ಹಟ ನನಗಿಲ್ಲ. ಮೊದಲ ಆರು, ಕೊನೆಯ ಆರು ತಾಳೆಯಾದರೆ ಕ್ಯಾಸೆಟ್ಟನ್ನು ಮನೆಯವರಿಗೆ ಮರಳಿಸುತ್ತೇನೆ.