ಆಫ್-ರೋಡ್ ಕಾರಿಗೆ ಸ್ನಾರ್ಕೆಲ್ ಕೂರಿಸುವ ಬಗೆ

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದಾಗ ಭಾಗಮಂಡಲದಲ್ಲಿ ಸಂಗಮ ಉಕ್ಕಿ ರಸ್ತೆಯ ಮೇಲೆ ನೀರು ನಿಲ್ಲುವುದು, ಸಿದ್ದಾಪುರದ ಬಳಿ ಕರಡಿಗೋಡು, ಗುಹ್ಯದ ಕಡೆ ಕಾವೇರಿ ದಂಡೆ ಮೀರುವುದು ಕೊಡಗಿನವರಿಗೆ ಹೊಸತಲ್ಲ. ಥಾರ್, ಜಿಪ್ಸಿ, ಜಿಮ್ನಿಗಳನ್ನು ಇಟ್ಟುಕೊಂಡವರಲ್ಲಿ ಹಲವರು ಬಾನೆಟ್ಟಿನ ಪಕ್ಕದಿಂದ ಚಾವಣಿಯವರೆಗೆ ಏರುವ ಆ ಕಪ್ಪು ಕೊಳವೆಯನ್ನು, ಅಂದರೆ ಸ್ನಾರ್ಕೆಲನ್ನು, ಹಾಕಿಸಿಕೊಳ್ಳಲು ಬಯಸುವುದು ಇದೇ ಕಾರಣಕ್ಕೆ. ಆದರೆ ಕೊಳವೆ ಎಷ್ಟು ಎತ್ತರಕ್ಕಿದೆ ಎಂಬುದಕ್ಕಿಂತ ಅದರ ಬುಡದಿಂದ ಎಂಜಿನ್‌ವರೆಗೆ ಎಲ್ಲಿಯೂ ಸೋರಿಕೆ ಇಲ್ಲದಂತೆ ಮಾಡಲಾಗಿದೆಯೇ ಎಂಬುದೇ ಮುಖ್ಯ. ಪೇಟೆಯಲ್ಲಿ ಕಾಣುವ ಸ್ನಾರ್ಕೆಲ್‌ಗಳಲ್ಲಿ ಬರಿಯ ಅಲಂಕಾರವಾಗಿ ಉಳಿದಿರುವವು ಕಡಿಮೆಯಿಲ್ಲ.

ಸಾಮಾನ್ಯವಾಗಿ ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ಹೆಡ್‌ಲೈಟಿನ ಹಿಂದೆ ಅಥವಾ ಮುಂದಿನ ಫೆಂಡರಿನ (ಚಕ್ರದ ಮೇಲಿನ ಹೊರತಗಡಿನ) ಒಳಗೆ ಇರುತ್ತದೆ. ಅಲ್ಲಿಗೆ ನೀರು ಮುಟ್ಟಿದರೆ ಗಾಳಿಯೊಂದಿಗೆ ನೀರೂ ಸಿಲಿಂಡರಿಗೆ ಹೋಗುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಮೇಲೇರುವ ಪಿಸ್ಟನ್ ಅಲ್ಲಿಯೇ ತಡೆದು ನಿಂತು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕಂಪ್ರೆಷನ್ ಹೆಚ್ಚಿರುವ ಡೀಸೆಲ್ ಎಂಜಿನ್ನಿಗೆ ಈ ಪೆಟ್ಟು ಇನ್ನೂ ಜೋರು. ಸ್ನಾರ್ಕೆಲ್ ಆ ಬಾಯಿಯನ್ನು ಚಾವಣಿಯ ಮಟ್ಟಕ್ಕೆ ಎತ್ತುತ್ತದೆ, ಅಷ್ಟೇ. ಆಲ್ಟರ್ನೇಟರ್, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು, ವೈರಿಂಗ್, ಆಕ್ಸಲ್‌ಗಳೆಲ್ಲ ಇದ್ದಲ್ಲಿಯೇ ಇರುತ್ತವೆ. ಫೋರ್ಸ್ ಗೂರ್ಖಾ ಕಾರ್ಖಾನೆಯಿಂದಲೇ ಸ್ನಾರ್ಕೆಲ್ ಸಮೇತ ಬರುವ ಗಾಡಿ. ಆದರೂ ಕಂಪನಿ ಹೇಳುವ ನೀರಿನ ಆಳ 700 ಮಿ.ಮೀ. ಮಾತ್ರ. ಸ್ನಾರ್ಕೆಲ್ ಇಲ್ಲದ 2020ರ ಥಾರ್‌ಗೆ ಅದು 650 ಮಿ.ಮೀ. ಈ ಎರಡು ಅಂಕಿಗಳ ನಡುವಿನ ಅಂತರ ಎಷ್ಟು ಕಡಿಮೆ ಎಂಬುದನ್ನು ಗಮನಿಸಿದರೆ ಕೊಳವೆಯ ಮೇಲೆ ಎಷ್ಟು ಭರವಸೆ ಇಡಬಹುದು ಎಂದು ತಿಳಿಯುತ್ತದೆ.

ಹಾಗೆ ನೋಡಿದರೆ ಕೊಡಗಿನಲ್ಲಿ ಇದರ ಉಪಯೋಗ ಹೊಳೆಗಿಂತ ತೋಟದ ದಾರಿಯಲ್ಲಿಯೇ ಹೆಚ್ಚು. ಕಾಫಿ ಕುಯಿಲಿನ ಕಾಲದಲ್ಲಿ ಟ್ರ್ಯಾಕ್ಟರಿನ ಹಿಂದೆ ಹೋಗುವ ಜೀಪು ಕೆಂಪು ಧೂಳನ್ನು ಮೊಣಕಾಲಿನ ಮಟ್ಟದಿಂದ ಎಳೆದುಕೊಳ್ಳುವುದಕ್ಕೂ ಚಾವಣಿಯ ಮಟ್ಟದಿಂದ ಎಳೆದುಕೊಳ್ಳುವುದಕ್ಕೂ ಏರ್ ಫಿಲ್ಟರಿನ ಬಾಳಿಕೆಯಲ್ಲಿ ಸ್ಪಷ್ಟ ವ್ಯತ್ಯಾಸ ಕಾಣುತ್ತದೆ.

ಕೆಲಸಕ್ಕೆ ಕೈ ಹಾಕುವ ಮೊದಲು ಕಾಗದಪತ್ರದ ವಿಷಯ ನೋಡಿಕೊಳ್ಳಬೇಕು. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ವಾಹನದ ಮೂಲ ರಚನೆಯ ಬದಲಾವಣೆಗೆ ಮಿತಿ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದು ಎಂದಿದೆ. ಆದ್ದರಿಂದ ಕೆಎ-12 ನೋಂದಣಿಯ ಗಾಡಿಯವರು ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ವಾರಂಟಿ ಉಳಿಯುತ್ತದೆಯೇ ಎಂದು ಷೋರೂಮಿನಲ್ಲಿ ಕೇಳಿಕೊಂಡ ನಂತರವೇ ಫೆಂಡರಿಗೆ ಡ್ರಿಲ್ ಇಡುವುದು ಕ್ಷೇಮ.

ಕಿಟ್ಟನ್ನು ಗಾಡಿಯ ಮಾದರಿ, ವರ್ಷ ಮತ್ತು ಎಂಜಿನ್ ಮೂರನ್ನೂ ಹೇಳಿ ಕೊಳ್ಳಬೇಕು. ಬಿಸಿಲಿಗೆ ಬಿರಿಯದ ದಪ್ಪ ಪಾಲಿಎಥಿಲೀನ್ ಕೊಳವೆಯೇ ಒಳ್ಳೆಯದು. ತೆಳುವಾದ ಫೈಬರ್ ಕೊಳವೆಗಳು ತೋಟದ ದಾರಿಯ ಕುಲುಕಾಟಕ್ಕೆ ಬೋಲ್ಟ್ ಹಿಡಿದ ಕಡೆ ಸೀಳುತ್ತವೆ. ಕೊಳವೆಯ ಒಳವ್ಯಾಸ ಮೂಲ ಗಾಳಿಬಾಯಿಗಿಂತ ಕಿರಿದಾಗಿರಬಾರದು, ಇಲ್ಲದಿದ್ದರೆ ಏರಿನಲ್ಲಿ ಎಂಜಿನ್ ಉಸಿರುಗಟ್ಟುತ್ತದೆ. ಕತ್ತರಿಸುವ ಜಾಗ ತೋರಿಸುವ ಕಾಗದದ ಟೆಂಪ್ಲೇಟ್ ಇಲ್ಲದ ಕಿಟ್ಟನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಲೇಸು.

ಕೆಲಸವನ್ನು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಮುಗಿಸಿಕೊಳ್ಳಬೇಕು. ಜುಲೈಯಲ್ಲಿ ಮಡಿಕೇರಿಯಂತಹ ಕಡೆ ಪ್ರೈಮರ್ ಒಣಗುವುದೇ ಇಲ್ಲ. ಸಿಲಿಕೋನ್ ಸೀಲೆಂಟಿನ ಮಾತು ಬೇರೆ. ಅದು ಗಾಳಿಯ ತೇವ ಹೀರಿಯೇ ಗಟ್ಟಿಯಾಗುವುದರಿಂದ ಮಳೆಗಾಲದ ಹವೆ ಅದಕ್ಕೆ ಅಡ್ಡಿಯಲ್ಲ, ಆದರೆ ಅದನ್ನು ಹಚ್ಚುವ ಮೇಲ್ಮೈ ಮಾತ್ರ ಪೂರ್ತಿ ಒಣಗಿರಬೇಕು.

ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಏರ್ ಫಿಲ್ಟರ್ ಬಾಕ್ಸನ್ನು ಹೊರತೆಗೆದು, ಎಂಜಿನ್ ಕಡೆಗೆ ಹೋಗುವ ಪೈಪಿನ ಬಾಯಿಗೆ ಸ್ವಚ್ಛವಾದ ಬಟ್ಟೆ ತುರುಕಿ ಮೇಲೆ ಟೇಪ್ ಸುತ್ತಬೇಕು. ಕಬ್ಬಿಣದ ಒಂದು ಚೂರು ಟರ್ಬೊಗೆ ಹೋದರೂ ಸ್ನಾರ್ಕೆಲಿನ ಖರ್ಚಿಗಿಂತ ಹಲವು ಪಟ್ಟು ಖರ್ಚು ಬೀಳುತ್ತದೆ. ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ತೆಗೆದರೆ ಫೆಂಡರಿನ ಹಿಂಬದಿ ಕಾಣುತ್ತದೆ. ಅಲ್ಲಿ ವೈರಿಂಗ್ ಅಥವಾ ಬ್ರಾಕೆಟ್ ಇದ್ದರೆ ಬದಿಗೆ ಸರಿಸಿ ಕಟ್ಟಬೇಕು. ಫೆಂಡರಿನ ಹೊರಮೈಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಅದರ ಮೇಲೆ ಟೆಂಪ್ಲೇಟ್ ಅಂಟಿಸಿ, ಗುರುತು ಹಾಕುವ ಮೊದಲು ಕೊಳವೆಯನ್ನು ಕೈಯಲ್ಲಿ ಹಿಡಿದು ಮುಂಗಾಜಿನ ಪಕ್ಕದ ಕಂಬಕ್ಕೆ ಸರಿಯಾಗಿ ಒರಗುತ್ತದೆಯೇ, ಬಾಗಿಲೂ ಬಾನೆಟ್ಟೂ ಪೂರ್ತಿ ತೆರೆಯುತ್ತವೆಯೇ ಎಂದು ನೋಡಬೇಕು. ಟೆಂಪ್ಲೇಟನ್ನು ಕಣ್ಣುಮುಚ್ಚಿ ನಂಬುವುದು ಬೇಡ. ಹಿಂದೊಮ್ಮೆ ಪೆಟ್ಟು ತಿಂದು ಟಿಂಕರಿಂಗ್ ಆದ ಫೆಂಡರಿನಲ್ಲಿ ಅದು ಅರ್ಧ ಬೆರಳಿನಷ್ಟು ಅತ್ತಿತ್ತ ಆಗಿರುತ್ತದೆ.

ಗುರುತಿನ ನಡುವೆ ಪಂಚ್ ಹೊಡೆದು, 3 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ದಾರಿ ಮಾಡಿ, ಆಮೇಲೆ ಸಣ್ಣ ತೂತುಗಳನ್ನು ಹಂತಹಂತವಾಗಿ ಹಿರಿದು ಮಾಡಬೇಕು. ದೊಡ್ಡ ತೂತಿಗೆ ಹೋಲ್ ಸಾ (ಡ್ರಿಲ್ಲಿಗೆ ಹಾಕುವ ದುಂಡು ಗರಗಸ) ಬಳಸಿ ನಿಧಾನ ವೇಗದಲ್ಲಿ ಕೊರೆಯಬೇಕು. ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ಬರಿಯ ತಗಡು ಹೊಳೆಯುತ್ತದೆ. ಆ ಹೊಳಪನ್ನು ಹಾಗೆಯೇ ಬಿಟ್ಟರೆ ಒಂದೇ ಮಳೆಗಾಲದಲ್ಲಿ ಪೇಂಟಿನ ಅಡಿಯಿಂದ ಕಂದು ಗುಳ್ಳೆಗಳು ಏಳುತ್ತವೆ. ಎಪಾಕ್ಸಿ ಪ್ರೈಮರ್ ಹಚ್ಚಿ, ಪೂರ್ತಿ ಒಣಗಿದ ನಂತರ ಎರಡು ಕೋಟ್ ಬಣ್ಣ ಕೊಡಬೇಕು. ಫೆಂಡರಿನ ಒಳಮೂಲೆಯಲ್ಲಿ ಬಿದ್ದ ಕಬ್ಬಿಣದ ಹುಡಿಯನ್ನು ಅಯಸ್ಕಾಂತದಿಂದ ಎತ್ತಬೇಕು, ಏಕೆಂದರೆ ತುಕ್ಕು ಮೊದಲು ಹಿಡಿಯುವುದೇ ಅಲ್ಲಿಂದ. ಮುಂಗಾಜಿನ ಕಂಬಕ್ಕೆ ಬ್ರಾಕೆಟ್ ಹಾಕುವಾಗ ಡ್ರಿಲ್ ಬಿಟ್ಟಿನ ತುದಿಯಿಂದ 10 ಮಿ.ಮೀ. ಮಾತ್ರ ಬಿಟ್ಟು ಉಳಿದ ಭಾಗಕ್ಕೆ ದಪ್ಪನಾಗಿ ಟೇಪ್ ಸುತ್ತಿದರೆ ಅದು ಅಳತೆ ಮೀರಿ ಒಳನುಗ್ಗುವುದಿಲ್ಲ. ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಆ ಕಂಬದ ಒಳಗೆ ಅದರ ವೈರಿಂಗ್ ಹಾದುಹೋಗಿರುವುದರಿಂದ ಅಂತಹ ಗಾಡಿಯ ಈ ಭಾಗದ ಕೆಲಸವನ್ನು ತಿಳಿದ ಮೆಕ್ಯಾನಿಕ್‌ಗೆ ಬಿಡುವುದು ಉತ್ತಮ.

ಇಲ್ಲಿಂದ ಮುಂದಿನದೇ ನಿಜವಾದ ಕೆಲಸ. ಕೊಳವೆಯ ಬುಡವನ್ನೂ ಫಿಲ್ಟರ್ ಬಾಕ್ಸನ್ನೂ ಸೇರಿಸುವ ಹೋಸಿನ ಒಳಗೆ ತಂತಿಯ ಸುರುಳಿ ಇರಬೇಕು. ಮೆತ್ತಗಿನ ಹೋಸ್ ಎಂಜಿನ್ನಿನ ಎಳೆತಕ್ಕೆ ಒಳಕ್ಕೆ ಕುಸಿಯುತ್ತದೆ. ಕೂಡುವ ಎರಡೂ ಮೈಗಳನ್ನು ಥಿನ್ನರಿನಲ್ಲಿ ಒರೆಸಿ, ಸೀಲೆಂಟ್ ಹಚ್ಚಿ, ಸ್ಟೀಲ್ ಕ್ಲಾಂಪಿನಿಂದ ಬಿಗಿಯಬೇಕು. ವಿನೆಗರಿನಂತೆ ವಾಸನೆ ಬರುವ ಅಗ್ಗದ ಸಿಲಿಕೋನ್ ತಗಡನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದನ್ನೋ ಪಾಲಿಯುರೆಥೇನ್ ಸೀಲೆಂಟನ್ನೋ ತರಬೇಕು, ಹಚ್ಚಿದ ಮೇಲೆ ಒಂದು ಹಗಲು ಒಂದು ರಾತ್ರಿ ಗಾಡಿಯನ್ನು ಮುಟ್ಟಬಾರದು.

ಬಹುತೇಕ ಫಿಲ್ಟರ್ ಬಾಕ್ಸುಗಳ ತಳದಲ್ಲಿ ಒಳಬಂದ ಮಳೆನೀರು ಇಳಿದುಹೋಗಲೆಂದು ಒಂದು ಸಣ್ಣ ತೂತು ಇರುತ್ತದೆ. ಬಾಕ್ಸ್ ನೀರಿನಲ್ಲಿ ಮುಳುಗಿದ ಕ್ಷಣ ಆ ತೂತೇ ಗಾಳಿಬಾಯಿಯಾಗಿ, ಚಾವಣಿಯವರೆಗೆ ಏರಿಸಿದ ಕೊಳವೆಯೆಲ್ಲ ವ್ಯರ್ಥವಾಗುತ್ತದೆ. ಹಾಗೆಂದು ಅದನ್ನು ಸೀಲೆಂಟಿನಿಂದ ಮುಚ್ಚಿಬಿಟ್ಟರೆ ಕೊಡಗಿನ ಮಳೆಯಲ್ಲಿ ಕೊಳವೆಯ ಮೂಲಕ ಇಳಿದ ನೀರು ಬಾಕ್ಸಿನ ತಳದಲ್ಲಿ ನಿಂತು ಫಿಲ್ಟರನ್ನು ನೆನೆಸುತ್ತದೆ. ಇದಕ್ಕೆ ಸರಿಯಾದ ಪರಿಹಾರವೆಂದರೆ ಬಾತುಕೋಳಿಯ ಕೊಕ್ಕಿನಂತಿರುವ ರಬ್ಬರ್ ವಾಲ್ವ್. ಎಂಜಿನ್ ಎಳೆಯುವಾಗ ಅದರ ತುಟಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಎಂಜಿನ್ ನಿಂತಾಗ ಒಳಗಿನ ನೀರು ತನ್ನ ಭಾರಕ್ಕೆ ಹೊರಗೆ ಇಳಿಯುತ್ತದೆ. ಕೆಲವು ಗಾಡಿಗಳಲ್ಲಿ ಗಾಳಿಪೈಪಿಗೆ ರೆಸೊನೇಟರ್ ಎಂಬ ಟೊಳ್ಳು ಡಬ್ಬಿಯೊಂದು ಫೆಂಡರಿನೊಳಗೆ ಅಂಟಿಕೊಂಡಿರುತ್ತದೆ. ಅದರ ತಳದಲ್ಲಿಯೂ ತೂತಿರಬಹುದು. ಮೂಲ ಗಾಳಿಬಾಯಿಯನ್ನೂ ಬಾಕ್ಸಿನ ಮುಚ್ಚಳದ ರಬ್ಬರನ್ನೂ ಬಿಡದೆ ಪರೀಕ್ಷಿಸಬೇಕು. ಕತ್ತಲಾದ ಮೇಲೆ ಬಾಕ್ಸಿನೊಳಗೆ ಒಂದು ಎಲ್‌ಇಡಿ ಟಾರ್ಚ್ ಉರಿಸಿಟ್ಟು ಮುಚ್ಚಳ ಹಾಕಿದರೆ ಸಂದಿ ಇದ್ದಲ್ಲಿ ಬೆಳಕಿನ ಗೆರೆ ಕಾಣುತ್ತದೆ.

ಕೊನೆಯ ಪರೀಕ್ಷೆ ಸರಳ. ಎಂಜಿನ್ ಐಡಲಿನಲ್ಲಿರುವಾಗ ಸ್ನಾರ್ಕೆಲಿನ ತಲೆ ತೆಗೆದು, ಬಾಯಿಗೆ ದಪ್ಪ ರಬ್ಬರ್ ಹಾಳೆ ಒತ್ತಿ ಹಿಡಿಯಬೇಕು. ಕೆಲವೇ ಸೆಕೆಂಡಿನಲ್ಲಿ ಎಂಜಿನ್ ತಡವರಿಸಿ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಅದು ಬೇರೆಲ್ಲಿಂದಲೋ ಉಸಿರಾಡುತ್ತಿದೆ ಎಂದೇ ಅರ್ಥ. ಆಕ್ಸಿಲರೇಟರ್ ಒತ್ತಿ ಈ ಪರೀಕ್ಷೆ ಮಾಡಬಾರದು. ಟರ್ಬೊದ ಸೀಲಿನಿಂದ ಆಯಿಲ್ ಎಳೆದು ಬರಬಹುದು.

ತಲೆಯನ್ನು ಮುಂದಕ್ಕೆ ಮುಖ ಮಾಡಿ ಕೂರಿಸುವುದು ವಾಡಿಕೆ. ಅದರ ಹಿಂಬದಿಯ ಸೀಳುಗಳು ಮಳೆನೀರನ್ನು ಹೊರಹಾಕಲೆಂದೇ ಇರುವುದರಿಂದ ಅವುಗಳಿಗೆ ಟೇಪ್ ಸುತ್ತಬಾರದು. ಅದರ ಕ್ಲಾಂಪನ್ನು ಅತಿಯಾಗಿ ಬಿಗಿಯದಿದ್ದರೆ ಸಿಲ್ವರ್ ಓಕಿನ ಕೊಂಬೆ ತಗುಲಿದಾಗ ತಲೆ ತಿರುಗಿ ತಪ್ಪಿಸಿಕೊಳ್ಳುತ್ತದೆ, ಕಂಬದ ಬ್ರಾಕೆಟ್ ಕಿತ್ತುಬರುವುದಿಲ್ಲ. ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಗಾಡಿಯ ತಲೆಗೆ ಬಲೆ ಇರಲೇಬೇಕು; ಕಣಜಗಳಿಗೆ ಇಂತಹ ಕೊಳವೆ ಬಹಳ ಇಷ್ಟ.

ಸ್ನಾರ್ಕೆಲ್ ಹಾಕಿದ ಮೇಲೆ ಬ್ರೀದರ್‌ಗಳನ್ನು (ಗೇರ್‌ಬಾಕ್ಸ್, ಆಕ್ಸಲ್‌ಗಳ ಒಳಗಾಳಿ ಹೋಗಿಬರುವ ಸಣ್ಣ ಬಾಯಿಗಳನ್ನು) ಹಾಗೆಯೇ ಬಿಟ್ಟರೆ ಕೆಲಸ ಅರ್ಧವಾದಂತೆ. ಓಡಿ ಬಿಸಿಯಾದ ಡಿಫರೆನ್ಷಿಯಲ್ (ಆಕ್ಸಲಿನ ನಡುವಿನ ಗೇರ್ ಗೂಡು) ತಣ್ಣನೆಯ ಹೊಳೆನೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಕ್ಕೆಳೆಯುತ್ತದೆ. ಮುಂದಿನ, ಹಿಂದಿನ ಡಿಫರೆನ್ಷಿಯಲ್, ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸಿನ ಬ್ರೀದರ್‌ಗಳಿಗೆ ಹೋಸ್ ಜೋಡಿಸಿ ಬಾನೆಟ್ಟಿನ ಮಟ್ಟಕ್ಕೆ ತರಬೇಕು. ಸೈಲೆನ್ಸರಿನ ಪೈಪಿನಿಂದ ದೂರವಿಟ್ಟು, ಆಕ್ಸಲ್ ಏರಿಳಿಯಲು ಬೇಕಾದಷ್ಟು ಸಡಿಲ ಬಿಡಬೇಕು.

ನೀರಿಗೆ ಇಳಿಯುವಾಗ ಕೋಲಿನಿಂದ ಆಳ ನೋಡಿ, ಫೋರ್ ವೀಲ್ ಡ್ರೈವಿನ ಲೋ ಗೇರಿನಲ್ಲಿ, ಕ್ಲಚ್ ತುಳಿಯದೆ, ಮುಂದೆ ಏಳುವ ಅಲೆಯ ಹಿಂದೆಯೇ ಒಂದೇ ವೇಗದಲ್ಲಿ ಸಾಗಬೇಕು. ಇದು ನಿಂತ ನೀರಿಗೆ ಮಾತ್ರ ಹೇಳಿದ ಮಾತು. ಹರಿಯುವ ನೀರು ಎರಡು ಅಡಿ ಇದ್ದರೆ ಹೆಚ್ಚಿನ ಗಾಡಿಗಳನ್ನು ಎತ್ತಿಕೊಂಡು ಹೋಗುತ್ತದೆ, ಆಗ ಸ್ನಾರ್ಕೆಲ್ ಇದ್ದೂ ಪ್ರಯೋಜನವಿಲ್ಲ. ನಡುನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯದೆ ಎಳೆಸಿಕೊಂಡು ಹೊರತಂದು, ಫಿಲ್ಟರ್ ಒದ್ದೆಯಾಗಿದೆಯೇ ನೋಡಬೇಕು. ಒದ್ದೆಯಾಗಿದ್ದರೆ ಗ್ಲೋ ಪ್ಲಗ್ (ಪೆಟ್ರೋಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್) ಬಿಚ್ಚಿ ಸಿಲಿಂಡರಿನ ನೀರು ಹೊರಹಾಕುವವರೆಗೆ ಕೀ ತಿರುಗಿಸಬಾರದು. ಸುರಕ್ಷಿತವಾಗಿ ದಾಟಿದ ಮೇಲೂ ಬ್ರೇಕನ್ನು ಹಗುರವಾಗಿ ಒತ್ತುತ್ತ ಸ್ವಲ್ಪ ದೂರ ಓಡಿಸಿ ಒಣಗಿಸಬೇಕು, ಮತ್ತು ಮನೆಗೆ ಬಂದ ನಂತರ ಡಿಫರೆನ್ಷಿಯಲ್ಲಿನ ಆಯಿಲ್ ಹಾಲು ಬೆರೆಸಿದಂತೆ ಬಿಳಿಚಿಕೊಂಡಿದ್ದರೆ ತಡಮಾಡದೆ ಬದಲಿಸಬೇಕು.