ಹಸಿರು ಹೊಳಪು ಕಂಡರೆ ಸಾಲದು: ಮಣ್ಣಿನ ಸ್ಯೂಡೋಮೊನಾಸ್ ಗುರುತಿಸುವ ಕ್ರಮ

ಬೀಜೋಪಚಾರಕ್ಕೆ ಬಳಸುವ, ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಪುಡಿ ನಮ್ಮ ರೈತರಿಗೆ ಹೊಸದಲ್ಲ. ಪೊಟ್ಟಣದ ಮೇಲೆ ಹೆಚ್ಚಾಗಿ ‘ಫ್ಲೋರೆಸೆನ್ಸ್’ ಎಂಬ ಪ್ರಭೇದದ ಹೆಸರಿರುತ್ತದೆ. ಬೇರಿನ ಮಣ್ಣಿನಿಂದ ತೆಗೆದ ಬ್ಯಾಕ್ಟೀರಿಯಾಕ್ಕೆ ಆ ಹೆಸರು ಹಚ್ಚುವ ಮುನ್ನ ನಾನು ಅನುಸರಿಸುವ ಕ್ರಮ ಇದು.

10 ಗ್ರಾಂ ಮಣ್ಣನ್ನು 90 ಮಿ.ಲೀ. 0.85% ಉಪ್ಪುನೀರಿನಲ್ಲಿ ಅರ್ಧ ಗಂಟೆ ಕುಲುಕಿ, ಹತ್ತು ಪಟ್ಟಿನಂತೆ ತೆಳುಗೊಳಿಸುತ್ತಾ ಹೋಗಿ, 0.1 ಮಿ.ಲೀ. ಅನ್ನು ಕಿಂಗ್ಸ್ ಬಿ ಅಗಾರ್ ಮೇಲೆ ಹರಡುತ್ತೇನೆ. ಬ್ಯಾಕ್ಟೀರಿಯಾ ಬೆಳೆಸುವ ಈ ಮಾಧ್ಯಮಕ್ಕೆ ಲೀಟರಿಗೆ ಪ್ರೋಟಿಯೋಸ್ ಪೆಪ್ಟೋನ್ 20 ಗ್ರಾಂ, ಗ್ಲಿಸರಾಲ್ 10 ಮಿ.ಲೀ., ಡೈಪೊಟ್ಯಾಸಿಯಂ ಫಾಸ್ಫೇಟ್ ಮತ್ತು ಮೆಗ್ನೀಸಿಯಂ ಸಲ್ಫೇಟ್ ತಲಾ 1.5 ಗ್ರಾಂ, ಅಗಾರ್ 15 ಗ್ರಾಂ, ಪಿಎಚ್ 7.2. ನಲ್ಲಿ ನೀರು ಬೇಡವೇ ಬೇಡ. ಹೊಳೆಯುವ ಪಯೊವರ್ಡಿನ್ ಎಂಬುದು ಕಬ್ಬಿಣದ ಕೊರತೆಯಾದಾಗ ಅದನ್ನು ಹಿಡಿದು ತರಲು ಜೀವಕೋಶ ಹೊರಬಿಡುವ ವಸ್ತು. ನೀರಿನಲ್ಲೇ ಕಬ್ಬಿಣವಿದ್ದರೆ ಅದನ್ನು ತಯಾರಿಸುವ ಗೋಜಿಗೇ ಹೋಗುವುದಿಲ್ಲ. 28 ಡಿಗ್ರಿಯಲ್ಲಿ 24ರಿಂದ 48 ಗಂಟೆ ಇಟ್ಟು, 365 ನ್ಯಾನೋಮೀಟರ್ ಅತಿನೇರಳೆ ದೀಪದಡಿ ಹೊಳಪು ನೋಡಬೇಕು. 254ರ ದೀಪ ಜೀವಕೋಶಗಳನ್ನೇ ಕೊಲ್ಲುತ್ತದೆ.

ಆಕ್ಸಿಡೇಸ್ ಎಂಬ ಕಿಣ್ವ ಇದೆಯೇ ಎಂದು ಬಣ್ಣದಿಂದ ತಿಳಿಯುವ ಪರೀಕ್ಷೆಗೆ ನೈಕ್ರೋಮ್ ತಂತಿಯ ಲೂಪ್ ಮುಟ್ಟಿಸಬೇಡಿ, ಸುಳ್ಳು ನೀಲಿ ಬರುತ್ತದೆ. ಮರದ ಕಡ್ಡಿ ಸಾಕು. ಬಣ್ಣವನ್ನು 10 ಸೆಕೆಂಡಿನೊಳಗೆ ಓದಿ. ಆಮೇಲೆ ಬಂದದ್ದು ಲೆಕ್ಕಕ್ಕಿಲ್ಲ. ಹೊಳೆಯುತ್ತಿದ್ದೂ ಆಕ್ಸಿಡೇಸ್ ಋಣಾತ್ಮಕವಾದರೆ ತಟ್ಟೆ ಎಸೆಯಬೇಡಿ, ಅದು ಗಿಡಕ್ಕೆ ರೋಗ ತರುವ ‘ಸಿರಿಂಜೆ’ ಎಂಬ ಪ್ರಭೇದ ಇರಬಹುದು. ತಂಬಾಕಿನ ಎಲೆಗೆ ಚುಚ್ಚಿ, 24 ಗಂಟೆಯಲ್ಲಿ ಆ ಜಾಗ ಸತ್ತು ಒಣಗಿತೇ ನೋಡಿ.

ಏರುಗಿನೋಸ, ಫ್ಲೋರೆಸೆನ್ಸ್, ಪುಟಿಡ ಈ ಮೂರೂ ಪ್ರಭೇದಗಳು ಹೊಳೆಯುತ್ತವೆ. 41 ಡಿಗ್ರಿಯಲ್ಲಿ ಬೆಳೆದರೆ ಏರುಗಿನೋಸದ ಅನುಮಾನ. ಅದು ಮನುಷ್ಯರಿಗೂ ಸೋಂಕು ತರುವಂಥದ್ದು, ಹೊಲಕ್ಕೆ ಒಯ್ಯುವ ಮಾತೇ ಇಲ್ಲ. ಈ ಪರೀಕ್ಷೆ ವಾಟರ್ ಬಾತ್‌ನಲ್ಲೇ ಆಗಬೇಕು, ಇನ್‌ಕ್ಯುಬೇಟರ್ ಬಾಗಿಲು ತೆಗೆದಾಗಲೆಲ್ಲ ಉಷ್ಣತೆ ಇಳಿಯುತ್ತದೆ. ಜೆಲಾಟಿನ್ ಕರಗಿಸುವುದು ಫ್ಲೋರೆಸೆನ್ಸ್, ಪುಟಿಡ ಕರಗಿಸದು. ಆದರೆ ಬೆಚ್ಚಗಿನ ಕೋಣೆಯಲ್ಲಿ ಜೆಲಾಟಿನ್ ತಾನಾಗಿಯೇ ಕರಗುತ್ತದೆ. ಬ್ಯಾಕ್ಟೀರಿಯಾ ಹಾಕದ ನಳಿಕೆಯನ್ನೂ ಜೊತೆಗಿಟ್ಟು, ಎರಡನ್ನೂ ಫ್ರಿಜ್‌ನಲ್ಲಿ ತಣಿಸಿ ಓದಬೇಕು.

ಜೀನ್ ವಿಷಯಕ್ಕೆ ಬಂದರೆ, ಬ್ಯಾಕ್ಟೀರಿಯಾ ಗುರುತಿಸಲು ಓದಿಸುವ 16ಎಸ್ ಜೀನ್ ಕುಲವನ್ನು ಹೇಳುತ್ತದೆ, ಪ್ರಭೇದಕ್ಕೆ ಬಂದಾಗ ಕೈಕೊಡುತ್ತದೆ. ಒಂದೇ ಪ್ರಭೇದವೆನ್ನಲು ಹೋಲಿಕೆಯ ಸಾಮಾನ್ಯ ಗಡಿ 98.7% ಎನ್ನುತ್ತಾರೆ, ಇಲ್ಲಿ ಬೇರೆ ಬೇರೆ ಪ್ರಭೇದಗಳೇ 99% ಮೀರಿ ಹೊಂದುತ್ತವೆ. ಹಾಗಾಗಿ ಪ್ರಭೇದಗಳನ್ನು ಇನ್ನೂ ಚೆನ್ನಾಗಿ ಬೇರ್ಪಡಿಸುವ ಆರ್‌ಪಿಒಡಿ ಜೀನನ್ನೂ ಓದಿಸುತ್ತೇನೆ. ಹೋಲಿಕೆ ಟೈಪ್ ಸ್ಟ್ರೇನ್‌ಗಳ (ಪ್ರಭೇದದ ಹೆಸರಿಗೆ ಆಧಾರವಾದ ಮಾದರಿ ತಳಿಗಳ) ಜೊತೆಗಷ್ಟೇ, ಏಕೆಂದರೆ ಡೇಟಾಬೇಸ್‌ನಲ್ಲಿ ತಪ್ಪು ಹೆಸರಿನ ದಾಖಲೆಗಳೂ ಇವೆ. ಕೊನೆಯ ತೀರ್ಪು ಇಡೀ ಜೀನೋಮಿನದು: ಸರಾಸರಿ ನ್ಯೂಕ್ಲಿಯೋಟೈಡ್ ಹೋಲಿಕೆ 95–96% ದಾಟಿದರೆ ಒಂದೇ ಪ್ರಭೇದ.

ಹಳೆಯ ಪುಸ್ತಕ ನೋಡುವಾಗಲೂ ಎಚ್ಚರ ಬೇಕು. 1894ರಲ್ಲಿ ವಿಜ್ಞಾನಿ ಮಿಗುಲ ಹೆಸರಿಟ್ಟ ಈ ಕುಲಕ್ಕೆ ಮುಂದೆ ಸಿಕ್ಕಸಿಕ್ಕದ್ದನ್ನೆಲ್ಲ ತುಂಬಿದ್ದರು. 1973ರಲ್ಲಿ ಪಲ್ಲೆರೋನಿ ತಂಡ ಆರ್‌ಆರ್‌ಎನ್‌ಎ (ರೈಬೋಸೋಮಿನ ಆರ್‌ಎನ್‌ಎ) ಹೋಲಿಕೆಯಿಂದ ಐದು ಗುಂಪು ಮಾಡಿದ ಮೇಲೆ ಒಂದೊಂದಾಗಿ ಹೊರಬಿದ್ದವು. ಟೊಮೇಟೊ ಸೊರಗು ರೋಗದ ‘ಸ್ಯೂಡೋಮೊನಾಸ್ ಸೊಲನೇಸಿಯಾರಮ್’ 1992ರಲ್ಲಿ ಬರ್ಕ್‌ಹೋಲ್ಡೇರಿಯಾ, 1995ರಲ್ಲಿ ರಾಲ್‌ಸ್ಟೋನಿಯಾ ಆಯಿತು. ಇದೇ ಕುಲದಲ್ಲಿದ್ದ ಸ್ಟಟ್ಜೆರಿ ಪ್ರಭೇದಕ್ಕೆ 2022ರಲ್ಲಿ ಸ್ಟಟ್ಜೆರಿಮೊನಾಸ್ ಎಂಬ ಸ್ವಂತ ಕುಲವೇ ಸಿಕ್ಕಿದೆ.

ಜೀನೋಮ್ ಓದಿಸಲು ದುಡ್ಡಿಲ್ಲದಿದ್ದರೆ ಬ್ಯಾಕ್ಟೀರಿಯಾವನ್ನು 20% ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಗೆ ಇಟ್ಟು, ಚೀಟಿಯ ಮೇಲೆ ‘ಸ್ಯೂಡೋಮೊನಾಸ್, ಫ್ಲೋರೆಸೆನ್ಸ್ ಗುಂಪು’ ಎಂದಷ್ಟೇ ಬರೆಯಿರಿ.